ಮುಸ್ಲಿಮರ ನಂಬಿಕೆ, ಮುಸ್ಲಿಮರ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಂಥ ಊರಲ್ಲಿ ಒಂದೇ ಓಣಿಯಲ್ಲಿ ಆಡಿ ಬೆಳೆದವರೂ ಒಬ್ಬರ ಧರ್ಮದ ಬಗ್ಗೆ ಇನ್ನೊಬ್ಬರನ್ನು ನೇರವಾಗಿ ಕೇಳುವುದು ಕಡಿಮೆ. ಎಲ್ಲಿ ಬೇಜಾರಾಗುತ್ತಾರೋ ಅಂತ ಸುಮ್ನೆ ಇದ್ದುಬಿಡುತ್ತಾರೆ. ಆದರೂ ಚಹಾದಂಗಡಿಯಲ್ಲಿ, ಮದುವೆ ಪಂಕ್ತಿಯಲ್ಲಿ, ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ತಿರುತಿರುಗಿ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ಮೌಲಾನಾ ಅಲ್ಲ. ಈ ಧರ್ಮ ನಂಬಿ ಬದುಕುವ, ಕನ್ನಡ ಸಾಲೆಯಲ್ಲಿ ಓದಿದ ಮನುಷ್ಯ. ಉಲಮಾಗಳಲ್ಲೇ, ಅಂದರೆ ಧರ್ಮ ಪಂಡಿತರಲ್ಲೇ, ಭಿನ್ನಾಭಿಪ್ರಾಯ ಇರುವ ಕಡೆ ಅದನ್ನೂ ಹೇಳಿದ್ದೇನೆ.

## ಮೊದಲಿಗೆ ಕೇಳುವಂಥವು

ಇಸ್ಲಾಂ ಅಂದ್ರೆ ಏನು, ಎರಡು ಮಾತಿನಾಗ ಹೇಳ್ರಿ ನೋಡೋಣ?

ದೇವರು ಒಬ್ಬನೇ. ಒಂದು ದಿನ ಅವನ ಮುಂದೆ ನಿಂತು ಲೆಕ್ಕ ಕೊಡಬೇಕು.

ಇಷ್ಟೇ ಅಂದರೂ ನಡೆಯುತ್ತದೆ. ಸ್ವಲ್ಪ ಬಿಡಿಸಿ ಹೇಳಬೇಕಂದರೆ, ಅಲ್ಲಾಹನ ಹೊರತು ಪೂಜೆಗೆ ಅರ್ಹರು ಯಾರೂ ಇಲ್ಲ, ಮುಹಮ್ಮದರು ಅವನ ಸಂದೇಶ ತಂದವರು ಅಂತ ಮನಸಾರೆ ಒಪ್ಪಿ ಹೇಳುವುದು ಕಲಿಮಾ. ಅಲ್ಲಿಂದ ಶುರು. ನಂಬಬೇಕಾದ ಸಂಗತಿ ಆರು: ಅಲ್ಲಾಹ್, ಅವನ ದೇವದೂತರು, ಅವನು ಕಳಿಸಿದ ಗ್ರಂಥಗಳು, ಪ್ರವಾದಿಗಳು, ಕೊನೆಯ ದಿನ, ಮತ್ತು ತಕ್ದೀರ್ (ಹಣೆಬರಹ). ಮಾಡಬೇಕಾದ್ದು ಐದು: ಕಲಿಮಾ, ನಮಾಜ್, ರೋಜಾ (ರಂಜಾನ್ ತಿಂಗಳ ಉಪವಾಸ), ಜಕಾತ್ (ಆಸ್ತಿಯಲ್ಲಿ ಬಡವರ ಪಾಲು), ಹಜ್ (ಮಕ್ಕಾ ಯಾತ್ರೆ).

ಹೊರಗಿನವರಿಗೆ ಕಾಣುವುದು ಟೋಪಿ, ಗಡ್ಡ, ಬುರ್ಖಾ, ಬಿರಿಯಾನಿ. ಒಳಗೆ ಕೂತು ಕೆಲಸ ಮಾಡುವುದು ಆ ಲೆಕ್ಕದ ಭಯ, ಮತ್ತು ಅದರ ಜೊತೆಗೇ ಇರುವ ಕ್ಷಮೆಯ ಆಸೆ. ಮುಸ್ಲಿಮರ ದಿನಚರಿ ಇದರ ಸುತ್ತಲೇ ತಿರುಗುತ್ತದೆ ಅಂತ ನನ್ನ ನಂಬಿಕೆ, ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಆ ಮಾತು ಮತ್ತೆ ಮತ್ತೆ ಬರುತ್ತದೆ.

ಅಲ್ಲಾಹ್ ಅಂದ್ರೆ ನಿಮ್ಮವರ ದೇವ್ರು, ಹೌದಿಲ್ಲೋ?

ನಮ್ಮವರಿಗಷ್ಟೇ ಸೇರಿದವನಲ್ಲ. ಕುರಾನ್ ತೆರೆದ ಕೂಡಲೇ ಬರುವ ಅಲ್ ಫಾತಿಹಾ ಅಧ್ಯಾಯವೇ ಅವನನ್ನು ಎಲ್ಲ ಲೋಕಗಳ ಪಾಲಕ ಅಂತ ಕರೆಯುತ್ತದೆ. ಅರಬ್ ನಾಡಿನ ಕ್ರೈಸ್ತರೂ ಪ್ರಾರ್ಥನೆಯಲ್ಲಿ ಅಲ್ಲಾಹ್ ಅಂತಲೇ ಅನ್ನುತ್ತಾರೆ. 112ನೇ ಅಧ್ಯಾಯದಲ್ಲಿ ನಾಲ್ಕೇ ವಾಕ್ಯ: ಅವನು ಒಬ್ಬ, ಯಾರ ಹಂಗೂ ಇಲ್ಲದವನು, ಅವನು ಯಾರನ್ನೂ ಹೆತ್ತಿಲ್ಲ ಯಾರಿಂದಲೂ ಹುಟ್ಟಿಲ್ಲ, ಅವನಿಗೆ ಸರಿಸಾಟಿ ಇಲ್ಲ. ಅದಕ್ಕೇ ಮೂರ್ತಿ, ಚಿತ್ರ ಯಾವುದೂ ಇಲ್ಲ.

ಮಸೀದಿಯೊಳಗೆ ಬಂದು ನೋಡಿದವರು "ಇಲ್ಲಿ ಏನೂ ಇಲ್ವಲ್ಲ" ಅಂತಾರೆ. ಹೌದು, ಖಾಲಿ ಗೋಡೆ. ಗೋಡೆಯಲ್ಲಿ ಗೂಡಿನಂಥ ಮಿಹ್ರಾಬ್ ಇರುತ್ತದೆ, ಅದು ಇಮಾಮರು ನಿಲ್ಲುವ ಜಾಗ ಮತ್ತು ಮಕ್ಕಾದ ದಿಕ್ಕಿನ ಗುರುತು. ಮಕ್ಕಾದಲ್ಲಿರುವ ಕಾಬಾ ಕಟ್ಟಡ ಕೂಡ ನಾವು ಮುಖ ಮಾಡುವ ದಿಕ್ಕು, ದೇವರಲ್ಲ. ಅಲ್ಲಿನ ಕಪ್ಪು ಕಲ್ಲಿಗೆ ಮುತ್ತಿಡುವಾಗ ಪ್ರವಾದಿಯವರ ನಂತರ ಮುಸ್ಲಿಮರನ್ನು ಮುನ್ನಡೆಸಿದ ಎರಡನೇ ಖಲೀಫಾ ಉಮರ್ ಅವರು, ನೀನೊಂದು ಕಲ್ಲು, ನಿನ್ನಿಂದ ಲಾಭವೂ ಇಲ್ಲ ಹಾನಿಯೂ ಇಲ್ಲ, ಪ್ರವಾದಿಯವರು ಮುತ್ತಿಟ್ಟಿದ್ದನ್ನು ನೋಡಿರದಿದ್ದರೆ ನಾನೂ ಇಡುತ್ತಿರಲಿಲ್ಲ ಅಂದಿದ್ದರು. ಇನ್ನೊಂದು ಮಾತನ್ನು ನಮ್ಮವರಿಗೂ ನೆನಪಿಸಬೇಕು: ಬೇರೆಯವರು ಪೂಜಿಸುವ ದೇವರುಗಳನ್ನು ಬಯ್ಯಬೇಡಿ ಅಂತ ಕುರಾನಿನ 6ನೇ ಅಧ್ಯಾಯದಲ್ಲೇ ಅಪ್ಪಣೆ ಇದೆ.

ಮಹಮ್ಮದ್ ಪೈಗಂಬರರನ್ನ ನೀವು ಪೂಜೆ ಮಾಡ್ತೀರಾ? ಅವರ ಫೋಟೋ ಯಾಕೆ ಎಲ್ಲೂ ಇಲ್ಲ?

ಪೂಜೆ ಇಲ್ಲ. ಪ್ರೀತಿ ಇದೆ, ತಂದೆತಾಯಿಗಿಂತ ಜಾಸ್ತಿ. ಸುಮಾರು 570ರಲ್ಲಿ ಮಕ್ಕಾದಲ್ಲಿ ಹುಟ್ಟಿದರು. ಹುಟ್ಟುವ ಮೊದಲೇ ತಂದೆ ತೀರಿದ್ದರು, ಚಿಕ್ಕಂದಿನಲ್ಲೇ ತಾಯಿಯೂ ಹೋದರು. ಕುರಿ ಕಾದರು, ವ್ಯಾಪಾರ ಮಾಡಿದರು. 610ರಲ್ಲಿ, ಸುಮಾರು 40ನೇ ವಯಸ್ಸಿನಲ್ಲಿ, ಹಿರಾ ಗುಹೆಯಲ್ಲಿ ಮೊದಲ ಸಂದೇಶ ಬಂತು. ಊರವರ ಕಾಟ ತಾಳದೆ 622ರಲ್ಲಿ ಮದೀನಾಕ್ಕೆ ಹೋದರು. ಹಿಜರಿ ಸನ ಎಣಿಸುವುದು ಆ ವರ್ಷದಿಂದ. 632ರಲ್ಲಿ ತೀರಿಕೊಂಡರು. ಜನ ದಿಕ್ಕು ತೋಚದೆ ನಿಂತಾಗ ಗೆಳೆಯ ಅಬೂಬಕರ್ ಅವರು ಹೇಳಿದ ಮಾತು ಇದು: ಮುಹಮ್ಮದರನ್ನು ಪೂಜಿಸುತ್ತಿದ್ದವರು ತಿಳಿಯಲಿ, ಅವರು ತೀರಿಹೋದರು, ಅಲ್ಲಾಹನನ್ನು ಪೂಜಿಸುವವರು ತಿಳಿಯಲಿ, ಅವನಿಗೆ ಸಾವಿಲ್ಲ.

ಚಿತ್ರ ಬಿಡಿಸದೇ ಇರುವುದಕ್ಕೂ ಕಾರಣ ಇದೇ. ಇವತ್ತು ಚಿತ್ರ ಇಟ್ಟರೆ ನಾಳೆ ಹಾರ ಬೀಳುತ್ತದೆ, ನಾಡಿದ್ದು ಕೈ ಮುಗಿಯುತ್ತಾರೆ.

ಏಸುಕ್ರಿಸ್ತನೂ ನಿಮ್ಮ ಕುರಾನಿನಾಗ ಬರ್ತಾನಂತಲ್ಲ, ಖರೇನಾ?

ಖರೆ. ಈಸಾ ಅಂತ ಅವರ ಹೆಸರು. ಅವರ ತಾಯಿ ಮರಿಯಮ್ಮರ ಹೆಸರಲ್ಲೇ 19ನೇ ಅಧ್ಯಾಯ ಇದೆ. ಇಬ್ರಾಹಿಂ, ಮೂಸಾ, ದಾವೂದ್ ಸೇರಿ 25 ಪ್ರವಾದಿಗಳ ಹೆಸರು ಕುರಾನಿನಲ್ಲಿ ಬರುತ್ತವೆ, ಅವರಲ್ಲಿ ಒಬ್ಬರನ್ನು ನಿರಾಕರಿಸಿದರೂ ಮುಸ್ಲಿಂ ಆಗಿ ಉಳಿಯಲಾಗದು. ಆದರೆ ಈಸಾ ದೇವರ ಮಗ ಅನ್ನುವುದನ್ನು, ಶಿಲುಬೆಯ ಮೇಲೆ ಸತ್ತರು ಅನ್ನುವುದನ್ನು ನಾವು ಒಪ್ಪುವುದಿಲ್ಲ. ಪ್ರತಿ ಸಮುದಾಯಕ್ಕೂ ಒಬ್ಬ ಸಂದೇಶವಾಹಕ ಬಂದಿದ್ದಾನೆ ಅಂತಲೂ ಕುರಾನ್ ಹೇಳುತ್ತದೆ.

ಅರ್ಥ ಗೊತ್ತಿಲ್ದೆ ಅರಬ್ಬಿ ಓದಿ ಏನ್ ಉಪಯೋಗ್ರಿ?

ಕೇಳುವ ಪ್ರಶ್ನೆಯೇ ಇದು. ಸಂಜೆ ಮದರಸಾದಲ್ಲಿ ಮಕ್ಕಳು ಕಾಯ್ದಾ (ಅರಬ್ಬಿ ಅಕ್ಷರ ಕಲಿಸುವ ಪುಸ್ತಕ) ಹಿಡಿದು ಅಕ್ಷರ ಕೂಡಿಸಿ ಓದುವುದನ್ನು ಕಲಿಯುತ್ತಾರೆ, ಎಷ್ಟೋ ಮಂದಿಗೆ ಅಲ್ಲಿಗೇ ನಿಲ್ಲುತ್ತದೆ. ಸುಮಾರು 23 ವರ್ಷಗಳಲ್ಲಿ ಬಂದ 114 ಅಧ್ಯಾಯಗಳು ಅಕ್ಷರ ಬದಲಾಗದೆ ಉಳಿಯಲು ಈ ಬಾಯಿಪಾಠವೇ ಕಾರಣ. ನಮಾಜಿನಲ್ಲಿ ಯಾವ ದೇಶದ ಮುಸ್ಲಿಮನಾದರೂ ಪಕ್ಕದಲ್ಲಿ ನಿಲ್ಲಲು ಆಗುವುದೂ ಅದರಿಂದಲೇ. ಆದರೆ ಅರ್ಥ ತಿಳಿಯದೆ ಲೆಕ್ಕ ಹೇಗೆ ಕೊಡುತ್ತೀರಿ? ಕನ್ನಡದಲ್ಲಿ ಕುರಾನ್ ಅನುವಾದ ಸಿಗುತ್ತದೆ, ಮಂಗಳೂರಿನ ಶಾಂತಿ ಪ್ರಕಾಶನದವರು ತಂದಿದ್ದಾರೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ದಖನಿ ಉರ್ದು ಆಡುತ್ತೇವೆ. ಗದಗ, ಹಾವೇರಿ ಕಡೆಯ ನದಾಫ, ಪಿಂಜಾರರ ಎಷ್ಟೋ ಮನೆಗಳಲ್ಲಿ ಮಾತು ಪೂರಾ ಕನ್ನಡ. ಅವರಿಗೆ ಜುಮ್ಮಾದ ಬಯಾನ್, ಅಂದರೆ ಶುಕ್ರವಾರದ ನಮಾಜಿನ ಪ್ರವಚನ, ಕನ್ನಡದಲ್ಲೇ ಆಗಬೇಕು ಅಂತ ನಾನು ವಾದ ಮಾಡುತ್ತಲೇ ಇರುತ್ತೇನೆ.

## ದಿನದ ಬದುಕಿನವು

ದಿನಾ ಐದು ಸಲ ನಮಾಜ್ ಮಾಡ್ತೀರಲ್ರೀ, ಅಷ್ಟೊತ್ತು ಏನ್ ಬೇಡ್ಕೋತೀರಿ?

ಬೇಡುವುದಕ್ಕಿಂತ ಹೊಗಳುವುದೇ ಜಾಸ್ತಿ. ಕೈ, ಬಾಯಿ, ಮೂಗು, ಮುಖ, ಕಾಲು ತೊಳೆದು ವಜೂ ಮಾಡಿ ನಿಲ್ಲುತ್ತೇವೆ. ನಮ್ಮ ಕಡೆಯಿಂದ ಮಕ್ಕಾ ಪಡುವಣಕ್ಕೆ, ಸ್ವಲ್ಪ ಬಡಗಣಕ್ಕೆ ವಾಲಿದಂತೆ. ಪ್ರತಿ ರಕಾತಿನಲ್ಲೂ (ನಮಾಜಿನ ಒಂದೊಂದು ಸುತ್ತಿನಲ್ಲೂ) ಅಲ್ ಫಾತಿಹಾ ಓದುತ್ತೇವೆ, ಅದರಲ್ಲಿರುವ ಬೇಡಿಕೆ ಒಂದೇ: ನಮ್ಮನ್ನು ನೇರ ದಾರಿಯಲ್ಲಿ ನಡೆಸು. ಆಮೇಲೆ ಬಾಗುವುದು, ಹಣೆ ನೆಲಕ್ಕೆ ಹಚ್ಚುವುದು. ಫಜರ್ 2, ಜೊಹರ್ 4, ಅಸರ್ 4, ಮಗ್ರಿಬ್ 3, ಇಶಾ 4, ಹೀಗೆ ದಿನಕ್ಕೆ ಕಡ್ಡಾಯ 17 ರಕಾತು. ಒಂದೊಂದಕ್ಕೆ ಐದು ಹತ್ತು ನಿಮಿಷ.

ಹುಬ್ಬಳ್ಳಿಯ ಶಾ ಬಜಾರಿನಲ್ಲಿ ಮಧ್ಯಾಹ್ನ ನೋಡಿ. ಗಲ್ಲಾದ ಮುಂದೆ ಅಡ್ಡ ಒಂದು ಕೋಲಿಟ್ಟು, ಬಾಜೂ ಅಂಗಡಿಯವರಿಗೆ "ಸ್ವಲ್ಪ ನೋಡ್ರಿ" ಅಂತ ಹೇಳಿ ಎದ್ದು ಹೋಗುತ್ತಾರೆ. ಗಿರಾಕಿ ನಿಂತಿದ್ದರೂ ಹೋಗುತ್ತಾರೆ. ದುಡ್ಡಿಗಿಂತ ದೊಡ್ಡವನು ಒಬ್ಬನಿದ್ದಾನೆ ಅಂತ ದಿನಕ್ಕೆ ಐದು ಸಲ ಮೈಗೆ ಅಭ್ಯಾಸ ಮಾಡಿಸುವುದು ಇದು. ಮೈಗೆ ಹುಷಾರಿಲ್ಲದವರು ಕೂತು, ಅದೂ ಆಗದವರು ಮಲಗಿಯೇ ಮಾಡಬಹುದು. ದೂರದ ಪ್ರಯಾಣದಲ್ಲಿ 4 ರಕಾತು 2 ಆಗುತ್ತದೆ. ನಾವು ಅನುಸರಿಸುವ ಹನಫಿ ಪದ್ಧತಿಯ ಲೆಕ್ಕದಲ್ಲಿ ಸುಮಾರು 78 ಕಿಲೋಮೀಟರ್ ದಾಟಬೇಕು. ಬೆಂಗಳೂರಿಗೆ ಹೊರಟವರಿಗೆ ಈ ರಿಯಾಯಿತಿ ಇದೆ, ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವವರಿಗೆ ಇಲ್ಲ.

ಮಸೀದಿ ಮೈಕಿನಾಗ ಅಕ್ಬರ ರಾಜನ ಹೆಸರು ಯಾಕೆ ಕೂಗ್ತಾರೆ?

ರಾಜ ಅಕ್ಬರನಿಗೂ ಅಜಾನಿಗೂ (ನಮಾಜಿಗೆ ಕರೆಯುವ ಕೂಗು) ಸಂಬಂಧ ಇಲ್ಲ. ಅವನಿಗಿಂತ ಒಂಬತ್ತು ಶತಮಾನ ಮೊದಲೇ ಮದೀನಾದಲ್ಲಿ ಅಜಾನ್ ಶುರುವಾಗಿತ್ತು. ಅಲ್ಲಾಹು ಅಕ್ಬರ್, ಅಂದರೆ ಅಲ್ಲಾಹ್ ಎಲ್ಲರಿಗಿಂತ ದೊಡ್ಡವನು, ಅವನ ಹೊರತು ಪೂಜ್ಯರಿಲ್ಲ, ಮುಹಮ್ಮದರು ಅವನ ಸಂದೇಶವಾಹಕರು, ನಮಾಜಿಗೆ ಬನ್ನಿ, ಯಶಸ್ಸಿಗೆ ಬನ್ನಿ: ಕೂಗುವುದು ಇಷ್ಟನ್ನೇ. ನಸುಕಿನ ಅಜಾನಿನಲ್ಲಿ ಮಾತ್ರ ನಿದ್ದೆಗಿಂತ ನಮಾಜ್ ಒಳ್ಳೆಯದು ಅಂತ ಸೇರಿಸುತ್ತಾರೆ. ಮೊದಲು ಅಜಾನ್ ಕೂಗಿದವರು ಬಿಲಾಲ್, ಗುಲಾಮಗಿರಿಯಿಂದ ಬಿಡುಗಡೆ ಪಡೆದ ಕರಿಯ ವರ್ಣದವರು. ಆ ಕಾಲದ ಅರಬರ ನಡುವೆ ಅದು ಸಣ್ಣ ಸಂಗತಿಯಲ್ಲ.

ರೋಜಾ ಇದ್ದಾಗ ನೀರೂ ಕುಡಿಯಂಗಿಲ್ಲೇನು? ನಿಮ್ಮ ಮುಂದ ನಾವು ಚಹಾ ಕುಡಿದ್ರ ನಡೀತದೇನು?

ನೀರೂ ಇಲ್ಲ. ನಸುಕು ಹರಿಯುವ ಮೊದಲು ಸಹರಿ ಊಟ ಮುಗಿಸಬೇಕು, ಹೊತ್ತು ಮುಳುಗಿದ ಮೇಲೆ ಖರ್ಜೂರ ತಿಂದು ಬಿಡಬೇಕು. ಹಗಲಿನಲ್ಲಿ ಗಂಡ ಹೆಂಡತಿ ಸೇರುವುದೂ ಇಲ್ಲ. ರೋಗಿಗಳಿಗೆ, ಪ್ರಯಾಣಿಕರಿಗೆ, ಬಸುರಿ ಬಾಣಂತಿಯರಿಗೆ ವಿನಾಯಿತಿ ಇದೆ, ಆಮೇಲೆ ಆ ದಿನಗಳನ್ನು ತುಂಬಿಸುತ್ತಾರೆ. ಮುಟ್ಟಿನ ದಿನಗಳಲ್ಲಿ ಹೆಂಗಸರು ರೋಜಾ ಇಡುವುದೇ ಇಲ್ಲ, ಅವರೂ ಆಮೇಲೆ ತುಂಬಿಸುತ್ತಾರೆ. ಇನ್ನು ಆಗುವುದೇ ಇಲ್ಲ ಅನ್ನುವ ಮುದುಕರು ದಿನಕ್ಕೊಬ್ಬ ಬಡವರಿಗೆ ಊಟ ಹಾಕಿದರಾಯಿತು. ಸಕ್ಕರೆ ಕಾಯಿಲೆಯವರು ಹಟ ಹಿಡಿದು ರೋಜಾ ಇಟ್ಟು ತಲೆ ತಿರುಗಿ ಬೀಳುವುದನ್ನು ನೋಡಿದಾಗ ಸಂಕಟ ಆಗುತ್ತದೆ. ದೇವರೇ ಕೊಟ್ಟ ರಿಯಾಯಿತಿ ಅದು, ತಗೊಳ್ಳಿ.

ರೋಜಾ ಬೇರೆ ಯಾರಿಗೂ ಕಾಣುವುದಿಲ್ಲ. ಬಾಗಿಲು ಹಾಕಿಕೊಂಡು ನೀರು ಕುಡಿದರೆ ಯಾರಿಗೆ ಗೊತ್ತಾಗುತ್ತದೆ ಹೇಳಿ? ಮಾರ್ಚ್, ಏಪ್ರಿಲ್ ಬಿಸಿಲಿಗೆ ಗದಗಿನಲ್ಲಿ ಗೌಂಡಿ ಕೆಲಸಕ್ಕೆ ಹೋದ ಹುಡುಗ ಮುಖ ತೊಳೆಯಲು ಬೊಗಸೆಯಲ್ಲಿ ನೀರು ಹಿಡಿಯುತ್ತಾನೆ, ತುಟಿಗೆ ಒಂದು ಹನಿ ಬಿಡುವುದಿಲ್ಲ. ಆ ಕ್ಷಣದಲ್ಲಿ ಅವನಿಗೂ ಅಲ್ಲಾಹನಿಗೂ ನಡುವೆ ಬೇರೆ ಯಾರೂ ಇಲ್ಲ. ಸುಳ್ಳು ಹೇಳುವುದನ್ನು ಬಿಡದವನು ಅನ್ನ ನೀರು ಬಿಡುವುದು ಅಲ್ಲಾಹನಿಗೆ ಬೇಕಿಲ್ಲ ಅಂತ ಪ್ರವಾದಿಯವರು ಹೇಳಿದ್ದಾರೆ.

ನೀವು ಧಾರಾಳವಾಗಿ ಚಹಾ ಕುಡಿಯಿರಿ, ನಮಗೇನೂ ಬೇಜಾರಿಲ್ಲ.

ರಂಜಾನ್ ಒಂದೊಂದು ವರ್ಷ ಒಂದೊಂದು ತಿಂಗಳಿಗೆ ಯಾಕೆ ಬರ್ತದೆ?

ನಮ್ಮದು ಶುದ್ಧ ಚಂದ್ರಮಾನ. ವರ್ಷಕ್ಕೆ 354 ಇಲ್ಲವೇ 355 ದಿನ, ಅಧಿಕ ಮಾಸ ಇಲ್ಲ. ಹಾಗಾಗಿ ಹಬ್ಬ ವರ್ಷಕ್ಕೆ 10, 11 ದಿನ ಹಿಂದೆ ಸರಿಯುತ್ತದೆ. ನಮ್ಮಲ್ಲಿ ರಂಜಾನ್ ಹಬ್ಬ 2023ರಲ್ಲಿ ಏಪ್ರಿಲ್ 22ಕ್ಕೆ, 2024ರಲ್ಲಿ ಏಪ್ರಿಲ್ 11ಕ್ಕೆ, 2025ರಲ್ಲಿ ಮಾರ್ಚ್ 31ಕ್ಕೆ ಬಂತು. ಸುಮಾರು 33 ವರ್ಷಕ್ಕೆ ಒಂದು ಸುತ್ತು. 2024ರಲ್ಲಿ ಮಂಗಳೂರು, ಉಡುಪಿಯವರು ಕೇರಳದ ಚಂದ್ರದರ್ಶನ ನಂಬಿ 10ಕ್ಕೇ ಹಬ್ಬ ಮಾಡಿದರು, ನಮಗೆ ಮರುದಿನ. ಹಬ್ಬದ ಸಿಹಿ ಸುರಕುಂಬಾ ಒಂದು ದಿನ ತಡವಾಯಿತು, ಅಷ್ಟೇ.

ಜಕಾತ್ ಅಂದ್ರೆ ದಾನ ಅಲ್ವಾ? ಕೊಡದಿದ್ರೆ ಏನಾಗುತ್ತೆ?

ದಾನ ಕೊಡುವವರ ಮರ್ಜಿ. ಜಕಾತ್ ಹಾಗಲ್ಲ, ಅದು ನಿಮ್ಮ ಆಸ್ತಿಯೊಳಗೇ ಇರುವ ಬಡವರ ಹಕ್ಕು. 52.5 ತೊಲ ಬೆಳ್ಳಿ, ಅಂದರೆ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯಷ್ಟು ಉಳಿತಾಯ ಇದ್ದು, ಅದರ ಮೇಲೆ ಒಂದು ಚಂದ್ರಮಾನ ವರ್ಷ ಕಳೆದಿದ್ದರೆ ನೂರಕ್ಕೆ ಎರಡೂವರೆ ತೆಗೆಯಬೇಕು. ಬರೀ ಬಂಗಾರವೇ ಇದ್ದರೆ ಮಿತಿ 7.5 ತೊಲ. ನಗದು, ಅಂಗಡಿಯ ಮಾಲು, ಬಂಗಾರ ಎಲ್ಲ ಕೂಡಿಸಿ, ಸಾಲ ಕಳೆದು, ನಿಮ್ಮ ಹತ್ತಿರ 4 ಲಕ್ಷ ಉಳಿದರೆ 10,000 ರೂಪಾಯಿ ನಿಮ್ಮದಲ್ಲ. ಇರುವ ಮನೆ, ಓಡಿಸುವ ಗಾಡಿ ಲೆಕ್ಕಕ್ಕಿಲ್ಲ. ಬೆಳೆಗೂ ಪ್ರವಾದಿಯವರು ಅಳತೆ ಹೇಳಿದ್ದಾರೆ: ಮಳೆ ನಂಬಿದ ಬೆಳೆಯಲ್ಲಿ ಹತ್ತರಲ್ಲೊಂದು, ನೀರು ಹಾಯಿಸಿದ ಬೆಳೆಯಲ್ಲಿ ಇಪ್ಪತ್ತರಲ್ಲೊಂದು. ಗದಗಿನ ಎರೆ ಹೊಲದವರಿಗೂ ಕಾಲುವೆ ನೀರಿನವರಿಗೂ ಖರ್ಚು ಒಂದೇ ಅಲ್ವಲ್ಲ, ಅದಕ್ಕೆ.

ಯಾರಿಗೆ ಕೊಡಬೇಕು ಅಂತ ಕುರಾನಿನ 9ನೇ ಅಧ್ಯಾಯದಲ್ಲಿ ಎಂಟು ಬಗೆಯವರ ಪಟ್ಟಿ ಇದೆ. ಬಡವರು, ಸಾಲದಲ್ಲಿ ಮುಳುಗಿದವರು, ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರು ಅದರಲ್ಲಿದ್ದಾರೆ. ತಂದೆತಾಯಿಗೆ, ಮಕ್ಕಳಿಗೆ ಜಕಾತ್ ಕೊಡುವಂತಿಲ್ಲ, ಅವರನ್ನು ಸಾಕುವುದು ಹೇಗೂ ನಿಮ್ಮ ಕರ್ತವ್ಯ. ಕೊಡದಿದ್ದರೆ ಇಲ್ಲಿ ಯಾರೂ ಜಪ್ತಿ ಮಾಡಲು ಬರುವುದಿಲ್ಲ. ಅಲ್ಲಿ ಕೇಳುತ್ತಾರೆ.

ವ್ಯಾಪಾರದಾಗ ಧರ್ಮ ಎಲ್ಲಿ ಬಂತ್ರಿ? ಬಡ್ಡಿ ಯಾಕೆ ಬ್ಯಾಡ ಅಂತೀರಿ?

ವ್ಯಾಪಾರದಲ್ಲೇ ಧರ್ಮ ಜಾಸ್ತಿ ಬೇಕು. ಕುರಾನಿನ 83ನೇ ಅಧ್ಯಾಯ ಶುರುವಾಗುವುದೇ ತೂಕದಲ್ಲಿ ಮೋಸ ಮಾಡುವವರಿಗೆ ಎಚ್ಚರಿಕೆ ಕೊಟ್ಟು: ತಾವು ತಗೊಳ್ಳುವಾಗ ತುಂಬಿಸಿ ಅಳೆಯುತ್ತಾರೆ, ಕೊಡುವಾಗ ಕಡಿಮೆ ಮಾಡುತ್ತಾರೆ, ತಮ್ಮನ್ನು ಮತ್ತೆ ಎಬ್ಬಿಸಿ ನಿಲ್ಲಿಸಲಾಗುತ್ತದೆ ಅಂತ ಅವರಿಗೆ ಅನಿಸುವುದಿಲ್ಲವೇ?

ಪ್ರವಾದಿಯವರು ಒಮ್ಮೆ ಪೇಟೆಯಲ್ಲಿ ಕಾಳಿನ ರಾಶಿಯೊಳಗೆ ಕೈ ಹಾಕಿದರು, ಬೆರಳಿಗೆ ತೇವ ಹತ್ತಿತು. ಇದೇನು ಅಂತ ಕೇಳಿದರು. ಮಳೆಗೆ ನೆನೆಯಿತು ಅಂದ ವ್ಯಾಪಾರಿ. ಹಾಗಿದ್ದರೆ ನೆನೆದದ್ದನ್ನು ಜನಕ್ಕೆ ಕಾಣುವಂತೆ ಮೇಲೆ ಇಡಬಾರದೇ, ಮೋಸ ಮಾಡಿದವನು ನಮ್ಮವನಲ್ಲ ಅಂದರು. ಬ್ಯಾಡಗಿ ಮಾರುಕಟ್ಟೆಗೆ ಹೋದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕೊಳ್ಳುವವರು ಮೊದಲು ಮಾಡುವುದೇ ಅದು, ಮೆಣಸಿನಕಾಯಿ ಚೀಲದೊಳಗೆ ಕೈ ಇಳಿಸಿ, ತಳದ್ದನ್ನು ಒಂದು ಹಿಡಿ ತೆಗೆದು ಹಸಿ ಇದೆಯಾ ಒಣಗಿದೆಯಾ ಅಂತ ನೋಡುತ್ತಾರೆ.

ಬಡ್ಡಿ ಯಾಕೆ ಬೇಡ ಅಂದರೆ, ಸಾಲ ತಗೊಂಡವನ ಬೆಳೆ ಬಂದರೂ ಬಾರದಿದ್ದರೂ ಕೊಟ್ಟವನ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಪಾಲುದಾರಿಕೆಯಲ್ಲಿ ಲಾಭ ನಷ್ಟ ಇಬ್ಬರಿಗೂ ಹಂಚಿಕೆ, ಅದು ಸರಿ. ಬ್ಯಾಂಕಿನ ಖಾತೆ ಇಲ್ಲದೆ ಇವತ್ತು ಬದುಕಲು ಆಗದು, ಹಾಗಾಗಿ ಬಹಳ ಜನ ಖಾತೆಗೆ ಬಂದ ಬಡ್ಡಿಯನ್ನು ಪುಣ್ಯದ ಆಸೆ ಇಲ್ಲದೆ ಬಡವರಿಗೆ ಕೊಟ್ಟುಬಿಡುತ್ತಾರೆ. ಮನೆ ಸಾಲದ ವಿಷಯದಲ್ಲಿ ಉಲಮಾಗಳ ಅಭಿಪ್ರಾಯ ಒಂದೇ ಇಲ್ಲ. ನಮ್ಮಲ್ಲಿ ಬಡ್ಡಿ ವ್ಯವಹಾರ ಮಾಡುವ ಮುಸ್ಲಿಮರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಮನೆಯಾಗ ಊಟ ಮಾಡ್ತೀರಾ? ಪ್ರಸಾದ ಕೊಟ್ರೆ ತಪ್ಪು ತಿಳ್ಕೋತೀರಾ?

ಊಟಕ್ಕೆ ಕರೆಯಿರಿ, ಬರುತ್ತೇವೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಯಾರ ಮನೆಯದಾದರೂ ಹಲಾಲೇ. ಹಂದಿ, ರಕ್ತ, ಸತ್ತ ಪ್ರಾಣಿ, ಹೆಂಡ, ಅಲ್ಲಾಹನ ಹೆಸರು ಬಿಟ್ಟು ಬೇರೆ ಹೆಸರಲ್ಲಿ ಕೊಯ್ದದ್ದು ಇಲ್ಲ. ಮೀನಿಗೆ ಕೊಯ್ಯುವ ನಿಯಮ ಇಲ್ಲ. ಜೀವ ಹೋಗುವಷ್ಟು ಹಸಿವಿದ್ದರೆ ನಿಷೇಧಿಸಿದ್ದನ್ನೂ ತಿನ್ನಬಹುದು ಅಂತ ಕುರಾನೇ ಹೇಳುತ್ತದೆ. ಪೂಜೆಗೆ ಇಟ್ಟ ಪ್ರಸಾದವನ್ನು ಬಹಳಷ್ಟು ಮುಸ್ಲಿಮರು ತಿನ್ನುವುದಿಲ್ಲ, ಕೆಲವರು ತಿನ್ನುತ್ತಾರೆ. ನೀವು ಪ್ರೀತಿಯಿಂದ ಕೊಟ್ಟರೆ ತಪ್ಪು ತಿಳಿಯುವ ಮಾತೇ ಇಲ್ಲ. ಯಾರಾದರೂ ಬೇಡ ಅಂದರೆ ಅದು ನಿಮ್ಮನ್ನು ದೂರ ಇಟ್ಟದ್ದಲ್ಲ, ಅವರ ನಂಬಿಕೆಯ ಗೆರೆ.

ಬಕ್ರೀದಿಗೆ ಕುರಿ ಕೊಯ್ದ್ರೆ ದೇವರಿಗೆ ಹೆಂಗ್ ಮುಟ್ಟುತ್ತೆ?

ಮುಟ್ಟುವುದಿಲ್ಲ. ಅವುಗಳ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲುಪುವುದಿಲ್ಲ, ತಲುಪುವುದು ನಿಮ್ಮ ಭಕ್ತಿ ಅಂತ 22ನೇ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ. ಇಬ್ರಾಹಿಮರು ಮಗನನ್ನೇ ಅರ್ಪಿಸಲು ಸಿದ್ಧರಾದಾಗ ಅಲ್ಲಾಹ್ ಮಗನನ್ನು ಉಳಿಸಿ ಬದಲಿಗೆ ಪ್ರಾಣಿ ಕೊಟ್ಟ ನೆನಪು ಅದು. ಅನುಕೂಲ ಇದ್ದವರಿಗೆ ಮಾತ್ರ. ಮಾಂಸ ಮೂರು ಪಾಲು: ಬಡವರಿಗೆ, ಬಳಗ ಗೆಳೆಯರಿಗೆ, ಮನೆಗೆ. ವರ್ಷಪೂರ್ತಿ ಮಾಂಸ ಕೊಳ್ಳಲಾಗದ ಮನೆಗಳಲ್ಲಿ ಅವತ್ತು ಒಲೆಯ ಮೇಲೆ ಏನು ಬೇಯುತ್ತದೆ ನೋಡಿದರೆ ಹಬ್ಬದ ಅರ್ಥ ಆಗುತ್ತದೆ.

ಹಜ್‌ಗೆ ಹೋಗೋ ಮೊದಲು ನಮ್ಮ ಮನೆಗೂ ಬಂದು ಮಾಫಿ ಕೇಳಿದ್ರು. ಯಾಕೆ?

ಅದು ಹಜ್‌ನ ತಯಾರಿಯ ಭಾಗ. ಶಕ್ತಿ ಮತ್ತು ದುಡ್ಡು ಇದ್ದವರಿಗೆ ಜೀವನದಲ್ಲಿ ಒಂದು ಸಲ ಹಜ್ ಕಡ್ಡಾಯ. ಜಿಲ್‌ಹಜ್ ತಿಂಗಳ 8ರಿಂದ 12 ಅಥವಾ 13ರವರೆಗೆ. ಗಂಡಸರಿಗೆ ಹೊಲಿಗೆ ಇಲ್ಲದ ಎರಡು ಬಿಳಿ ಬಟ್ಟೆ, ಸಾಹುಕಾರನಿಗೂ ಕೂಲಿಯವನಿಗೂ ಅದೇ. ಕಾಬಾದ ಸುತ್ತ 7 ಸುತ್ತು. ಮಗುವಿಗೆ ನೀರು ಹುಡುಕುತ್ತ ತಾಯಿ ಹಾಜರಾ ಓಡಾಡಿದ ಸಫಾ ಮರ್ವಾ ಬೆಟ್ಟಗಳ ನಡುವೆ 7 ಸಲ ನಡಿಗೆ. 9ನೇ ದಿನ ಅರಫಾತ್ ಮೈದಾನದಲ್ಲಿ ಹೊತ್ತು ಮುಳುಗುವತನಕ ಇರಬೇಕು. ಅಲ್ಲಿ ಲಕ್ಷಾಂತರ ಜನ ಬಿಳಿ ಬಟ್ಟೆಯಲ್ಲಿ ಕ್ಷಮೆ ಕೇಳುತ್ತ ನಿಲ್ಲುವುದು ಕೊನೆಯ ದಿನದ ತಾಲೀಮಿನ ಹಾಗೆ. ಅದಕ್ಕೇ ಹೊರಡುವ ಮೊದಲು ಸಾಲ ತೀರಿಸಿ, ಮನೆ ಮನೆಗೆ ಹೋಗಿ "ಏನಾದ್ರೂ ಅಂದಿದ್ರ ಮಾಫ್ ಮಾಡ್ರಿ" ಅನ್ನುತ್ತಾರೆ. ಹಿಂದೂ, ಮುಸ್ಲಿಂ ಅಂತ ನೋಡಿ ಕೇಳುವುದಲ್ಲ.

## ಸ್ವಲ್ಪ ಆಳದವು

ಎಲ್ಲಾ ಅಲ್ಲಾಹನ ಇಚ್ಛೆ ಅಂದ್ಮೇಲೆ ಹಣೆಬರಹ ಆಯ್ತು. ಮತ್ತೆ ಲೆಕ್ಕ ಯಾಕೆ ಕೇಳ್ತಾನೆ?

ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಇದು. ಅಲ್ಲಾಹನಿಗೆ ಎಲ್ಲ ಮೊದಲೇ ಗೊತ್ತು ಅಂತ ನಂಬುತ್ತೇವೆ. ಅವನಿಗೆ ಗೊತ್ತಿರುವುದರಿಂದ ನನ್ನ ಕೈ ಕಟ್ಟಿಹೋಗುವುದಿಲ್ಲ. ಎಲ್ಲಿ ಹುಟ್ಟಿದೆ, ಯಾವಾಗ ಸಾಯುತ್ತೇನೆ, ಅದರ ಲೆಕ್ಕ ನನ್ನನ್ನು ಕೇಳುವುದಿಲ್ಲ. ನಾನೇ ಆರಿಸಿ ಮಾಡಿದ್ದರ ಲೆಕ್ಕ ಕೇಳುತ್ತಾರೆ.

ಖಲೀಫಾ ಉಮರ್ ಅವರು ಸಿರಿಯಾದ ಕಡೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಬಂದಿದೆ ಅಂತ ಸುದ್ದಿ ಬಂತು. ಅವರು ಹಿಂದಿರುಗಲು ನಿರ್ಧರಿಸಿದರು. ಸೇನಾಪತಿ ಅಬೂ ಉಬೈದಾ, ಅಲ್ಲಾಹನ ತಕ್ದೀರಿನಿಂದ ಓಡುತ್ತೀರಾ ಅಂತ ಕೇಳಿದರು. ಹೌದು, ಅಲ್ಲಾಹನ ಒಂದು ತಕ್ದೀರಿನಿಂದ ಅವನದೇ ಇನ್ನೊಂದು ತಕ್ದೀರಿನ ಕಡೆಗೆ ಅಂದರು ಉಮರ್. 2020ರಲ್ಲಿ ಕೊರೊನಾ ಬಂದು ಮಸೀದಿಗಳು ಮುಚ್ಚಿ ಮನೆಯಲ್ಲೇ ನಮಾಜ್ ಮಾಡಿ ಅಂದಾಗ ಈ ಪ್ರಸಂಗ ಬಹಳ ಜನರ ಬಾಯಲ್ಲಿತ್ತು. ಒಂಟೆಯನ್ನು ಮೊದಲು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಅನ್ನುವ ಪ್ರವಾದಿ ವಚನವೂ ಇದನ್ನೇ ಹೇಳುವುದು. ಇನ್‌ಷಾ ಅಲ್ಲಾಹ್ (ಅಲ್ಲಾಹ್ ಬಯಸಿದರೆ) ಅಂದು ಕೆಲಸ ತಪ್ಪಿಸಿಕೊಳ್ಳುವವರು ಆ ಮಾತಿಗೆ ಅನ್ಯಾಯ ಮಾಡುತ್ತಾರೆ.

ದೇವರೊಬ್ಬನೇ ಅಂತೀರಿ, ಮತ್ತೆ ದರ್ಗಾಕ್ಕೆ ಹೋಗ್ತೀರಿ, ಮೊಹರಂ ದೇವರು ಕೂರಿಸ್ತೀರಿ. ಇದು ಹೆಂಗೆ?

ಈ ವಿಷಯದಲ್ಲಿ ನಮ್ಮ ಮನೆಗಳೊಳಗೇ ಜಗಳ ಇದೆ. ನಮ್ಮ ಭಾಗದಲ್ಲಿ ಹೆಚ್ಚಿನವರು ಸುನ್ನಿ, ಹನಫಿ ಪದ್ಧತಿಯವರು. ಅವರಲ್ಲಿ ಬರೇಲ್ವಿ ಕಡೆಯವರು ಸಂತರ ಗೋರಿಗೆ ಹೋಗಿ ಫಾತಿಹಾ ಓದುತ್ತಾರೆ, ಅವರ ಮೂಲಕ ಅಲ್ಲಾಹನಲ್ಲಿ ಬೇಡುತ್ತಾರೆ. ದೇವಬಂದಿ, ತಬ್ಲೀಗ್ ಕಡೆಯವರು ಗೋರಿ ನೋಡಿ ಸಾವು ನೆನೆಯಬೇಕು, ತೀರಿಕೊಂಡವರಿಗೆ ದುವಾ ಮಾಡಬೇಕು, ಅಲ್ಲಿ ಏನೂ ಬೇಡಬಾರದು ಅನ್ನುತ್ತಾರೆ. ಅಹ್ಲೆ ಹದೀಸ್‌ನವರು ಇನ್ನೂ ಬಿಗಿ. ಗೋರಿಗೆ ಸಜ್ದಾ ಮಾಡಬಾರದು, ಅಂದರೆ ಹಣೆ ನೆಲಕ್ಕೆ ಹಚ್ಚಬಾರದು, ಅನ್ನುವುದರಲ್ಲಿ ಮಾತ್ರ ಎಲ್ಲ ಉಲಮಾಗಳೂ ಒಂದೇ.

ಮೊಹರಂ ಕಥೆ ಬೇರೆ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರನ್ನು, ಅವರ ಮನೆಯವರನ್ನು, ಜೊತೆಯವರನ್ನು ನೀರೂ ಕೊಡದೆ ಕೊಂದರು. ಆ ದುಃಖದ ನೆನಪು ನಮ್ಮ ಹಳ್ಳಿಗಳಿಗೆ ಬಂದು ಪಂಜಾ (ಕೂರಿಸುವ ಹಸ್ತದ ಗುರುತು), ಡೋಲಿ, ಅಲಾವಿ ಕುಣಿ (ಬೆಂಕಿ ಹಾಕುವ ಗುಂಡಿ), ಹೆಜ್ಜೆ ಮೇಳ, ರಿವಾಯತ್ ಪದ (ಕರ್ಬಲಾದ ಕಥೆಯ ಹಾಡು) ಆಯಿತು. ಹರಕೆ ಹೊತ್ತವರು ಲಾಡಿ (ಬಣ್ಣದ ದಾರ) ಹಾಕಿಕೊಂಡು ಫಕೀರರಾಗುತ್ತಾರೆ, ಸಕ್ಕರೆ ಓದಿಸುತ್ತಾರೆ, ಮನೆಗಳಲ್ಲಿ ಚೊಂಗೆ ಅನ್ನುವ ಸಿಹಿ ಮಾಡುತ್ತಾರೆ. ಒಂದೂ ಮುಸ್ಲಿಂ ಮನೆ ಇಲ್ಲದ ಹಳ್ಳಿಗಳಲ್ಲೂ ಉತ್ತರ ಕರ್ನಾಟಕದಲ್ಲಿ ಮೊಹರಂ ನಡೆಯುತ್ತದೆ. ಇದು ಇಸ್ಲಾಮಿನ ಕಡ್ಡಾಯ ಆಚರಣೆ ಅಲ್ಲ, ಬಹಳ ಮೌಲಾನಾಗಳು ಒಪ್ಪುವುದೂ ಇಲ್ಲ. ಇದು ನಮ್ಮ ನೆಲ ಕರ್ಬಲಾವನ್ನು ನೆನೆಯುವ ರೀತಿ.

ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರು (1819–1889) ಇದೇ ನೆಲದವರು. ಹುಲಗೂರಿನ ಖಾದರಶಾ ವಲಿಯವರಲ್ಲಿ ಹರಕೆ ಹೊತ್ತು ಹೆತ್ತ ಮಗ ಅಂತ ಜನ ಹೇಳುತ್ತಾರೆ. ಗುರು ಕಳಸದ ಗೋವಿಂದಭಟ್ಟರು. ಅವರ ಗದ್ದುಗೆಗೆ ಎರಡೂ ಕಡೆಯವರು ಇವತ್ತಿಗೂ ನಡೆದುಕೊಳ್ಳುತ್ತಾರೆ. ಗದಗ ಜಿಲ್ಲೆಯ ಶಿರಹಟ್ಟಿಯ ಫಕೀರೇಶ್ವರ ಮಠವೂ ಹೀಗೇ. ನನ್ನ ಮಟ್ಟಿಗೆ ಹೇಳುವುದಾದರೆ ದರ್ಗಾಕ್ಕೆ ಹೋಗುತ್ತೇನೆ, ಸಲಾಂ ಹೇಳುತ್ತೇನೆ, ಬೇಡುವುದನ್ನು ಅಲ್ಲಾಹನಲ್ಲೇ ಬೇಡುತ್ತೇನೆ. ಹೋಗುವವರನ್ನು ಕಾಫಿರ್ ಅನ್ನುವ ನಾಲಿಗೆ ನನಗೆ ಇಷ್ಟವಿಲ್ಲ.

ನಿಮ್ಮಲ್ಲಿ ಹೆಂಗಸರಿಗೆ ಹಕ್ಕೇ ಇಲ್ಲ ಅಂತಾರಲ್ಲ?

ಧರ್ಮ ಕೊಟ್ಟದ್ದನ್ನು ಮನೆಯವರು ಕಿತ್ತುಕೊಂಡಿದ್ದಾರೆ, ಇದು ನನ್ನ ಉತ್ತರ. ಹುಡುಗಿ ಒಪ್ಪದೆ ನಿಕಾಹ್ ಆಗದು, ಅದಕ್ಕೇ ವಕೀಲ್ (ಹುಡುಗಿಯ ಪರವಾಗಿ ನಿಲ್ಲುವವರು) ಮತ್ತು ಸಾಕ್ಷಿಗಳು ಅವಳ ಹತ್ತಿರ ಹೋಗಿ ಕೇಳುವುದು. ಮೆಹರ್ ಗಂಡ ಕೊಡಬೇಕು, ಅದು ಅವಳ ಸ್ವಂತ ಆಸ್ತಿ. ನಮ್ಮಲ್ಲಿ ಏನಾಗಿದೆ? ಮೆಹರ್ ಕಾಗದದ ಮೇಲೆ, ವರದಕ್ಷಿಣೆ ಕೈಗೆ ಕೈ. ಇಸ್ಲಾಮಿನಲ್ಲಿ ವರದಕ್ಷಿಣೆಗೆ ಜಾಗವೇ ಇಲ್ಲ. ಆಸ್ತಿಯಲ್ಲಿ ಮಗಳಿಗೆ ಮಗನ ಅರ್ಧ ಪಾಲು. ಸಂಸಾರದ ಖರ್ಚೆಲ್ಲ ಗಂಡಸಿನ ಮೇಲಿದೆ, ಅವಳ ಪಾಲು ಪೂರಾ ಅವಳದೇ ಅಂತ ಕಾರಣ ಕೊಡುತ್ತಾರೆ. ಈ ಕಾಲಕ್ಕೆ ಅದು ಸಾಕೇ ಅಂತ ಕೇಳುವ ಮುಸ್ಲಿಂ ಹೆಂಗಸರೂ ಇದ್ದಾರೆ, ಕೇಳಲಿ. ಆದರೆ ಆ ಅರ್ಧವನ್ನೂ ಕೊಡದೆ "ತಂಗಿ ಬಿಟ್ಟುಕೊಟ್ಟಾಳ" ಅಂತ ಸಹಿ ಹಾಕಿಸಿಕೊಳ್ಳುವ ಅಣ್ಣಂದಿರು ನಮಾಜಿನ ಮೊದಲ ಸಾಲಿನಲ್ಲಿ ನಿಲ್ಲುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ತಲಾಕ್‌ಗೆ ಮೊದಲು ಎರಡೂ ಮನೆಯ ಹಿರಿಯರು ಕೂತು ರಾಜಿ ಮಾಡಿಸಬೇಕು ಅಂತ 4ನೇ ಅಧ್ಯಾಯ ಹೇಳುತ್ತದೆ. ಒಂದೇ ಉಸಿರಿಗೆ ಮೂರು ಸಲ ತಲಾಕ್ ಅನ್ನುವುದನ್ನು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು ರದ್ದು ಮಾಡಿತು, 2019ರ ಕಾಯ್ದೆಯಲ್ಲಿ ಅದು ಅಪರಾಧ. ಉಡುಪಿನ ವಿಷಯಕ್ಕೆ ಬಂದರೆ, 24ನೇ ಅಧ್ಯಾಯ ಮೊದಲು ಗಂಡಸರಿಗೆ ಕಣ್ಣು ತಗ್ಗಿಸಿ ಅನ್ನುತ್ತದೆ, ಆಮೇಲೆ ಹೆಂಗಸರ ಮಾತು ತೆಗೆಯುತ್ತದೆ. ತಲೆ ಮುಚ್ಚಬೇಕು ಅಂತ ಹೆಚ್ಚಿನ ಉಲಮಾಗಳು, ಮುಖ ಮುಚ್ಚುವುದರಲ್ಲಿ ಭಿನ್ನಾಭಿಪ್ರಾಯ.

ಮುಸ್ಲಿಂ ಅಲ್ಲದವರೆಲ್ಲ ನರಕಕ್ಕೆ ಹೋಗ್ತಾರಂತ ನಂಬ್ತೀರಾ? ನಾನೂ?

ಗೆಳೆಯರು ತಡವರಿಸುತ್ತಾ ಕೇಳುವ ಪ್ರಶ್ನೆ, ನೇರವಾಗಿಯೇ ಹೇಳುತ್ತೇನೆ. ಇಸ್ಲಾಮಿನ ದಾರಿ ಬಿಟ್ಟು ಬೇರೆಯದನ್ನು ಒಪ್ಪಲಾಗದು ಅನ್ನುವ ವಾಕ್ಯ ಕುರಾನಿನ 3ನೇ ಅಧ್ಯಾಯದಲ್ಲಿದೆ. ಯಹೂದಿ, ಕ್ರೈಸ್ತ, ಸಾಬಿಯರಲ್ಲಿ (ಆ ಕಾಲದ ಇನ್ನೊಂದು ಧರ್ಮದವರು) ದೇವರನ್ನೂ ಕೊನೆಯ ದಿನವನ್ನೂ ನಂಬಿ ಒಳ್ಳೆಯದು ಮಾಡಿದವರಿಗೆ ಭಯವಿಲ್ಲ ಅನ್ನುವ ವಾಕ್ಯ 2ನೇ ಅಧ್ಯಾಯದಲ್ಲಿದೆ. ಎರಡನ್ನೂ ಹೇಗೆ ಹೊಂದಿಸಬೇಕು ಅಂತ ಉಲಮಾಗಳು ಶತಮಾನಗಳಿಂದ ಚರ್ಚೆ ಮಾಡಿದ್ದಾರೆ. ಸಂದೇಶ ಸರಿಯಾಗಿ ಮುಟ್ಟದವರನ್ನು, ಬರೀ ಕೆಟ್ಟ ಸುದ್ದಿಯನ್ನೇ ಕೇಳಿ ಬೆಳೆದವರನ್ನು ಅಲ್ಲಾಹ್ ಹಿಡಿಯುವುದಿಲ್ಲ ಅಂತ ಸುಮಾರು 900 ವರ್ಷಗಳ ಹಿಂದೆಯೇ ದೊಡ್ಡ ವಿದ್ವಾಂಸ ಇಮಾಮ್ ಗಜ್ಜಾಲಿ ಬರೆದಿದ್ದಾರೆ.

ನಿಮ್ಮ ಲೆಕ್ಕ ಅವನ ಹತ್ತಿರ, ನನ್ನದೂ ಅವನ ಹತ್ತಿರವೇ. ನನ್ನದು ಹೇಗಿದೆಯೋ ನನಗೇ ಗೊತ್ತಿಲ್ಲ, ನಿಮ್ಮ ಮೇಲೆ ತೀರ್ಪು ಕೊಡಲು ನಾನು ಯಾರು? ಒಬ್ಬ ಯಹೂದಿಯ ಹೆಣ ಹಾದುಹೋಗುವಾಗ ಪ್ರವಾದಿಯವರು ಎದ್ದು ನಿಂತರು. ಅದು ಯಹೂದಿಯದು ಅಂತ ಜೊತೆಯವರು ನೆನಪಿಸಿದರು. ಅದೂ ಒಂದು ಜೀವ ಅಲ್ಲವೇ ಅಂದರು ಅವರು. ಧರ್ಮದಲ್ಲಿ ಬಲವಂತ ಇಲ್ಲ ಅಂತ ಕುರಾನ್ ಹೇಳಿದೆ. ಒಬ್ಬ ನಿರಪರಾಧಿಯನ್ನು ಕೊಂದವನು ಇಡೀ ಮನುಷ್ಯಕುಲವನ್ನೇ ಕೊಂದಂತೆ ಅಂತಲೂ ಹೇಳಿದೆ. ಧರ್ಮದ ಹೆಸರಲ್ಲಿ ಬಾಂಬ್ ಇಡುವವರು ಇದನ್ನು ಓದಿಲ್ಲ ಅನ್ನಲಾರೆ, ಓದಿಯೂ ತುಳಿದಿದ್ದಾರೆ.

ಪಾಪ ಮಾಡಿ ತೌಬಾ ಮಾಡಿದ್ರೆ ಎಲ್ಲಾ ಮಾಫ್ ಅಂತಲ್ಲ, ಭಾಳ ಸಸ್ತಾ ಆಯ್ತಲ್ಲ?

ಅಲ್ಲಾಹನಿಗೆ ಸಂಬಂಧಿಸಿದ ತಪ್ಪು, ನಮಾಜ್ ಬಿಟ್ಟದ್ದು, ರೋಜಾ ಮುರಿದದ್ದು, ಅವನು ಕ್ಷಮಿಸಬಹುದು. ಅವನ ಕರುಣೆಗೆ ಮಿತಿ ಇಲ್ಲ. ಆದರೆ ಮನುಷ್ಯರ ಹಕ್ಕು ತಿಂದದ್ದನ್ನು ಆ ಮನುಷ್ಯನೇ ಕ್ಷಮಿಸಬೇಕು. ನೆರೆಯವರ ಜಾಗದಲ್ಲಿ ಒಂದು ಗೇಣು ಒತ್ತಿ ಗೋಡೆ ಕಟ್ಟಿದರೆ ನೂರು ಹಜ್ ಮಾಡಿದರೂ ಆ ಗೇಣು ಉಳಿಯುತ್ತದೆ.

ದಿವಾಳಿ ಯಾರು ಗೊತ್ತಾ ಅಂತ ಪ್ರವಾದಿಯವರು ಒಮ್ಮೆ ಕೇಳಿದರು. ದುಡ್ಡು, ಸಾಮಾನು ಇಲ್ಲದವನು ಅಂದರು ಜೊತೆಯವರು. ಅವರು ಹೇಳಿದ್ದು ಬೇರೆ: ಕೊನೆಯ ದಿನ ಒಬ್ಬ ನಮಾಜ್, ರೋಜಾ, ಜಕಾತ್ ಎಲ್ಲ ಹೊತ್ತು ಬರುತ್ತಾನೆ, ಆದರೆ ಒಬ್ಬರನ್ನು ಬೈದಿದ್ದಾನೆ, ಒಬ್ಬರ ಮೇಲೆ ಅಪವಾದ ಹೊರಿಸಿದ್ದಾನೆ, ಒಬ್ಬರ ಆಸ್ತಿ ತಿಂದಿದ್ದಾನೆ, ಒಬ್ಬರನ್ನು ಹೊಡೆದಿದ್ದಾನೆ. ಅವನ ಪುಣ್ಯವನ್ನು ಅವರಿಗೆಲ್ಲ ಹಂಚುತ್ತಾರೆ, ಪುಣ್ಯ ಮುಗಿದ ಮೇಲೆ ಅವರ ಪಾಪವನ್ನು ಇವನ ತಲೆಗೆ ಹಾಕುತ್ತಾರೆ. ಅವನೇ ದಿವಾಳಿ. ಈ ಮಾತು ಕೇಳಿದ ರಾತ್ರಿ ನಿದ್ದೆ ಬಾರದವರನ್ನು ನಾನು ಬಲ್ಲೆ. ತೌಬಾ ಸಸ್ತಾ ಅಲ್ಲ.

ನಿಮ್ಮವರ ಮಣ್ಣಿಗೆ ನಾವು ಬರಬಹುದಾ? ಬಂದ್ರೆ ಏನ್ ಮಾಡ್ಬೇಕು?

ಖಂಡಿತ ಬನ್ನಿ. ಲಿಂಗಾಯತರ ಮನೆಯ ಮಣ್ಣಿಗೆ ಹೋಗಿ ಬಂದವರಿಗೆ ಹೂಳುವುದು ಹೊಸದೇನಲ್ಲ. ಇಲ್ಲಿ ಹೆಣಕ್ಕೆ ಸ್ನಾನ ಮಾಡಿಸಿ, ಗಂಡಸಿಗೆ 3, ಹೆಂಗಸಿಗೆ 5 ಬಿಳಿ ಬಟ್ಟೆಯ ಕಫನ್ ಸುತ್ತುತ್ತಾರೆ. ಆದಷ್ಟು ಬೇಗ, ಸಾಮಾನ್ಯವಾಗಿ ಅದೇ ದಿನ ಒಯ್ಯುತ್ತಾರೆ. ನೀವು ಹೆಗಲು ಕೊಡಬಹುದು. ಜನಾಜಾ ನಮಾಜ್ ನಿಂತುಕೊಂಡೇ ಆಗುತ್ತದೆ, ಬಾಗುವುದು, ಹಣೆ ಹಚ್ಚುವುದು ಇಲ್ಲ. ಆಗ ನೀವು ಹಿಂದೆ ಸುಮ್ಮನೆ ನಿಂತರೆ ಸಾಕು.

ನಮಾಜಿಗೆ ಮೊದಲು ಮಗನೋ ತಮ್ಮನೋ ಮುಂದೆ ಬಂದು ಜನಕ್ಕೆ ಮುಖ ಮಾಡಿ ಹೇಳುವುದನ್ನು ಕೇಳಿಸಿಕೊಳ್ಳಿ: "ನಮ್ಮಪ್ಪ ಯಾರಿಗಾದ್ರೂ ಕೊಡೋದಿದ್ರ ನನ್ನ ಕೇಳ್ರಿ, ಇಲ್ಲಾ ಮಾಫ್ ಮಾಡ್ರಿ." ಸಾಲ ಉಳಿಸಿ ಸತ್ತವರ ಜನಾಜಾ ನಮಾಜನ್ನು, ಯಾರಾದರೂ ಆ ಸಾಲ ಹೊರುವತನಕ ಪ್ರವಾದಿಯವರು ತಾವೇ ನಿಂತು ಮಾಡಿಸುತ್ತಿರಲಿಲ್ಲ, ಅಲ್ಲಿಂದ ಬಂದದ್ದು ಇದು. ನಿಮಗೆ ಅವರಿಂದ ಏನಾದರೂ ಬರುವುದಿದ್ದರೆ ಸಂಕೋಚ ಬೇಡ, ಆಮೇಲೆ ಮಗನಿಗೆ ಹೇಳಿ. ಬಿಟ್ಟುಬಿಡುವ ಮನಸ್ಸಿದ್ದರೆ ಅದನ್ನೂ ಬಾಯಿ ಬಿಟ್ಟು ಹೇಳಿ, ಆ ಮನೆಯವರಿಗೆ ಅದಕ್ಕಿಂತ ದೊಡ್ಡ ಸಮಾಧಾನ ಇಲ್ಲ.

ಗೋರಿಗೆ ಇಳಿಸಿದ ಮೇಲೆ ಮೂರು ಹಿಡಿ ಮಣ್ಣು ಹಾಕುತ್ತಾರೆ, ನೀವೂ ಹಾಕಬಹುದು. ಹೂವು, ಹಾರ ತರಬೇಕಿಲ್ಲ. ಶೋಕ ಮೂರು ದಿನ, ಹೆಂಡತಿಗೆ ಮಾತ್ರ ಇದ್ದತ್, ಅಂದರೆ ಕಾಯುವ ಅವಧಿ, 4 ತಿಂಗಳು 10 ದಿನ. ಆ ಅವಧಿಯಲ್ಲಿ ಅವರನ್ನು ಮಾತಾಡಿಸಲು ಮನೆಯ ಹೆಂಗಸರು ಹೋಗುವುದು ಒಳ್ಳೆಯದು. ತೀರಿಕೊಂಡವರ ಮನೆಯಲ್ಲಿ ಒಲೆ ಹಚ್ಚುವ ಸ್ಥಿತಿ ಇರುವುದಿಲ್ಲ, ನೆರೆಯವರು ಊಟ ಕಳಿಸಬೇಕು ಅಂತ ಪ್ರವಾದಿಯವರೇ ಹೇಳಿದ್ದಾರೆ. ರೊಟ್ಟಿ ಪಲ್ಯದ ಬುತ್ತಿ ಕಟ್ಟಿಕೊಂಡು ಬನ್ನಿ.